ಕೇಸು ನಮ್ಮೂರಿನದು, ಜರ್ನಲ್ಲು ಲೋಕದ್ದು

ಮಂಡ್ಯ ಜಿಲ್ಲೆಯ ಹಂದಿಗಳು 1991ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಪತ್ರಿಕೆಯ ಪುಟ ಹತ್ತಿದವು. ನಾಲೆ ನೀರಿನ ಗದ್ದೆ, ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ಗದ್ದೆಗಿಳಿಯುವ ಬೆಳ್ಳಕ್ಕಿ, ಊರಂಚಿನ ಹಂದಿ ಇವೆಲ್ಲ ಸೇರಿದ ಕಡೆ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರದ ವೈರಸ್ ಬೆಳೆಯುತ್ತದೆ. ಹಂದಿಯ ರಕ್ತ ನೋಡುತ್ತ ಹೋದರೆ ಊರಿನಲ್ಲಿ ವೈರಸ್ಸಿನ ಓಡಾಟ ಎಷ್ಟಿದೆ ಎಂದು ಗೊತ್ತಾಗುತ್ತದೆ. ಸಂಶೋಧಕರು ಅದನ್ನು ಮಾಡಿದರು, ಬರೆದರು, ಅಚ್ಚಾಯಿತು.

ಅದಾದ ಐದು ವರ್ಷಕ್ಕೆ, 1996ರಲ್ಲಿ, ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆಸರು ‘ಲ್ಯಾನ್ಸೆಟ್’ನಲ್ಲಿ ಬಂತು. ಹಳಬರು ಮಿಷನ್ ಆಸ್ಪತ್ರೆ ಎನ್ನುವ ಈ ಜಾಗದಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಆ ಕೂಸುಗಳಲ್ಲಿ 517 ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಿರುವುದು ಕಂಡಿತು. ಹೆರಿಗೆ ವಾರ್ಡಿನ ತಕ್ಕಡಿ ಸರಿಯಾಗಿ ಓದಿದ ಕೈಗಳಿಂದಾಗಿ ವೈದ್ಯಲೋಕಕ್ಕೆ ಒಂದು ಹೊಸ ಸಂಗತಿ ತಿಳಿಯಿತು.

ಇಂಥ ಸರಕು ಮಂಡ್ಯದ ಮಿಮ್ಸ್‌ನಲ್ಲಿ, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯಲ್ಲಿ, ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳ ಓಪಿಡಿ ಚೀಟಿಗಳಲ್ಲಿ ದಿನಾ ಹುಟ್ಟುತ್ತದೆ. ಬರೆಯುವವರು ಕಡಿಮೆ. ಬರೆದವರಲ್ಲೂ ಎಷ್ಟೋ ಮಂದಿ ಜರ್ನಲ್‌ನ ನಿಯಮಗಳ ಪುಟವನ್ನು ಓದುವುದು ಲೇಖನ ತಿರಸ್ಕೃತವಾದ ಮೇಲೆ. ಆ ಪುಟ ನೀರಸವಾಗಿರುತ್ತದೆ, ಒಪ್ಪುತ್ತೇನೆ. ಇನ್ನೊಂದು ತೊಡಕೂ ಇದೆ. ಆ ನಿಯಮಗಳನ್ನು ಬರೆದವರ ಕಣ್ಣಮುಂದೆ ಇರುವುದು ಒಬ್ಬರಿಗೊಬ್ಬರ ಪರಿಚಯವಿಲ್ಲದ ಮಹಾನಗರ. ಎಲ್ಲರಿಗೂ ಎಲ್ಲರೂ ಗೊತ್ತಿರುವ ನಮ್ಮಂಥ ಸೀಮೆಯಲ್ಲಿ ಅದೇ ನಿಯಮ ಪಾಲಿಸಲು ಒಂದು ಹೆಜ್ಜೆ ಹೆಚ್ಚು ಇಡಬೇಕಾಗುತ್ತದೆ. ಈ ಬರಹ ಆ ಹೆಜ್ಜೆಯ ಬಗ್ಗೆ. ಓದಬೇಕಾದವರು ಪಿಜಿ ವಿದ್ಯಾರ್ಥಿಗಳು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ದಾದಿಯರು. ತಮ್ಮ ಕಾಯಿಲೆಯ ಬಗ್ಗೆ ಬರೆಯಲು ಒಪ್ಪಿಗೆ ಕೇಳಿಸಿಕೊಳ್ಳುವ ರೋಗಿಗಳೂ ಓದಬಹುದು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಲ್ಪಿತ ಕೇಸು ಹಿಡಿದುಕೊಳ್ಳೋಣ. ಮಳವಳ್ಳಿ ಕಡೆಯ ಒಂದು ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸಗಾರನಿಗೆ ಕೆಮ್ಮು, ಜ್ವರ, ಏದುಸಿರು. ಟಿಬಿ ಎಂದು ಭಾವಿಸಿ ಪರೀಕ್ಷೆ ಮಾಡಿದರೆ ಟಿಬಿ ಅಲ್ಲ. ರಾಶಿ ಬಿದ್ದು ಬೂಷ್ಟು ಹಿಡಿದ ಸಿಪ್ಪೆಯ ಧೂಳಿನಿಂದ ಶ್ವಾಸಕೋಶ ಕೆರಳುವ ಬ್ಯಾಗಸೋಸಿಸ್ ಎಂಬ ಕಾಯಿಲೆ ಎಂದು ಕೊನೆಗೆ ತಿಳಿಯುತ್ತದೆ. ಕಬ್ಬಿನ ಸೀಮೆಯ ವೈದ್ಯರೆಲ್ಲ ತಿಳಿದಿರಬೇಕಾದ ಸಂಗತಿ, ಬರೆಯಲೇಬೇಕು. ಎಲ್ಲಿಗೆ ಕಳಿಸುವುದು?

ಪತ್ರಿಕೆ ಆರಿಸುವುದು

ಇದು ಅತಿ ಬೇಗ ಮೋಸ ಹೋಗುವ ಜಾಗ. ಬಡ್ತಿಗೆ, ಪಿಜಿ ಮುಗಿಸುವುದಕ್ಕೆ ಲೇಖನ ಬೇಕೆಂದಾದ ಮೇಲೆ ಅದನ್ನು ಮಾರುವ ಅಂಗಡಿಗಳೂ ತೆರೆದವು. “ಮಾನ್ಯ ಡಾಕ್ಟರೇ, ತಮ್ಮ ಅಮೂಲ್ಯ ಸಂಶೋಧನೆ...” ಎಂದು ಶುರುವಾಗುವ ಇಮೇಲ್ ದಿನಕ್ಕೆರಡು ಬರುತ್ತವೆ. ಮೂರು ದಿನದಲ್ಲಿ ಪೀರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ಬೇರೆ ತಜ್ಞರಿಂದ ಪರಿಶೀಲನೆ, ಮುಗಿಸಿ ಕೊಡುತ್ತೇವೆ ಎನ್ನುತ್ತಾರೆ. ಇಬ್ಬರು ಬಿಡುವಿಲ್ಲದ ತಜ್ಞರು ಸಂಬಳವಿಲ್ಲದೆ ಓದಿ, ಟಿಪ್ಪಣಿ ಬರೆದು, ಸಂಪಾದಕರು ತೀರ್ಮಾನಿಸುವುದು ಮೂರು ದಿನದಲ್ಲಿ ಆಗುವ ಕೆಲಸವಲ್ಲ. ತಿಂಗಳುಗಳೇ ಹಿಡಿಯುತ್ತವೆ.

2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ದೊಡ್ಡ ತಪ್ಪುಗಳನ್ನು ತುಂಬಿದ ಒಂದು ಕಟ್ಟುಕತೆಯ ಔಷಧ ಲೇಖನವನ್ನು ಹಣ ಪಡೆದು ಪ್ರಕಟಿಸುವ 304 ಮುಕ್ತ ಜರ್ನಲ್‌ಗಳಿಗೆ ಕಳಿಸಿದ. 157 ಒಪ್ಪಿಕೊಂಡವು. ಆ ಪೈಕಿ ಭಾರತದಲ್ಲಿ ನೆಲೆಯಿದ್ದವು 64. ನಮ್ಮ ದೇಶದ 15 ಮಾತ್ರ ತಿರಸ್ಕರಿಸಿದ್ದವು. ಹೈದರಾಬಾದಿನ ಒಮಿಕ್ಸ್ ಪ್ರಕಾಶನಕ್ಕೆ 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಮಿಕ್ಕ ದಂಡ ಹಾಕಿತು. ಮಾಡದ ಪೀರ್ ರಿವ್ಯೂವನ್ನು ಮಾಡಿದ್ದೇವೆಂದು ಹೇಳಿದ್ದು, ಶುಲ್ಕ ಮುಚ್ಚಿಟ್ಟಿದ್ದು, ಒಪ್ಪಿಗೆಯಿಲ್ಲದೆ ವಿದ್ವಾಂಸರ ಹೆಸರನ್ನು ಸಂಪಾದಕ ಮಂಡಳಿಯಲ್ಲಿ ಹಾಕಿಕೊಂಡಿದ್ದು ಅದರ ಮೇಲಿನ ದೂರುಗಳು.

ಪರೀಕ್ಷಿಸುವುದು ಕಷ್ಟವಲ್ಲ. ಅರ್ಧ ಗಂಟೆ ಸಾಕು. ಜರ್ನಲ್ ತಾನು ಪಬ್‌ಮೆಡ್‌ನಲ್ಲಿದ್ದೇನೆ, ಸ್ಕೋಪಸ್‌ನಲ್ಲಿದ್ದೇನೆ ಎಂದು ಹೇಳಿಕೊಂಡರೆ ಅದರ ಮಾತು ಕೇಳಬೇಡಿ. ಆ ಪಟ್ಟಿಗಳಿಗೇ ಹೋಗಿ ಹೆಸರು ಹುಡುಕಿ. ಮೆಡ್‌ಲೈನ್‌ಗೆ ಅಮೆರಿಕದ ರಾಷ್ಟ್ರೀಯ ವೈದ್ಯ ಗ್ರಂಥಾಲಯದ ಕ್ಯಾಟಲಾಗ್ ಇದೆ, ಮುಕ್ತ ಜರ್ನಲ್‌ಗಳಿಗೆ ಡಿಒಎಜೆ ಪಟ್ಟಿ ಇದೆ, ಎರಡೂ ಪುಕ್ಕಟೆ. ಐಎಸ್‌ಎಸ್‌ಎನ್ ಸಂಖ್ಯೆ ಇದ್ದರೆ ಗುಣಮಟ್ಟ ಇದೆ ಎಂದಲ್ಲ, ಅದು ವಾಹನದ ನಂಬರ್ ಪ್ಲೇಟಿನಷ್ಟೇ. ಗೂಗಲ್ ಸ್ಕಾಲರ್‌ನಲ್ಲಿ ಕಾಣುವುದೂ ಯೋಗ್ಯತಾಪತ್ರ ಅಲ್ಲ. ‘ಕೋಪ್’ ಎಂಬ ಪ್ರಕಾಶನ ನೈತಿಕತೆಯ ಸಮಿತಿ 1997ರಿಂದ ಇದೆ. ಅದರ ಲಾಂಛನವನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದಾದ್ದರಿಂದ ಸದಸ್ಯರ ಪಟ್ಟಿಯಲ್ಲಿ ನೋಡಿ. ವೈದ್ಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ, ಅಂದರೆ ಐಸಿಎಂಜೆಇಯ, ಶಿಫಾರಸು ಪಾಲಿಸುತ್ತೇವೆ ಎಂದು ಘೋಷಿಸಿಕೊಂಡ ಜರ್ನಲ್‌ಗಳ ಪಟ್ಟಿಯಲ್ಲೂ ಎಚ್ಚರ ಬೇಕು. ಅದು ಆ ಜರ್ನಲ್‌ಗಳು ತಾವೇ ಹೇಳಿಕೊಂಡಿದ್ದು, ಸಮಿತಿ ತನಿಖೆ ಮಾಡಿ ಕೊಟ್ಟ ಸರ್ಟಿಫಿಕೇಟ್ ಅಲ್ಲ.

‘ಯುಜಿಸಿ ಕೇರ್ ಪಟ್ಟಿಯ ಜರ್ನಲ್’ ಎಂದು ಈಗಲೂ ಯಾರಾದರೂ ಕರೆದರೆ ನಕ್ಕು ಸುಮ್ಮನಾಗಿ. ಆ ಪಟ್ಟಿಯನ್ನು ಯುಜಿಸಿ ಕೈಬಿಟ್ಟಿದ್ದು 2025ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ವೈದ್ಯ ಶಿಕ್ಷಕರ ಬಡ್ತಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮ ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಸ್ಕೋಪಸ್, ಡಿಒಎಜೆ ಮುಂತಾದ ಪಟ್ಟಿಗಳನ್ನು ಹೆಸರಿಸಿತ್ತು. ಈ ನಿಯಮ ಆಗಾಗ ತಿದ್ದುಪಡಿಯಾಗುತ್ತದೆ, ಹಾಗಾಗಿ ಸೀನಿಯರ್ ಹೇಳಿದ್ದನ್ನು ನಂಬಿ ಹಣ ಕಟ್ಟುವ ಮೊದಲು ಕಾಲೇಜು ಕಚೇರಿಯಲ್ಲಿ ಈಗ ಜಾರಿಯಲ್ಲಿರುವ ಪ್ರತಿ ಕೇಳಿ ಓದಿ.

ಶುಲ್ಕ ಕೇಳುವುದೇ ತಪ್ಪಲ್ಲ. ಮುಕ್ತವಾಗಿ ಓದಲು ಸಿಗುವ ಒಳ್ಳೆಯ ಜರ್ನಲ್‌ಗಳೂ ಲೇಖಕರಿಂದ ಹಣ ಪಡೆಯುತ್ತವೆ. ಎಷ್ಟು, ಯಾವಾಗ, ಯಾರಿಗೆ ರಿಯಾಯಿತಿ ಎಂಬುದು ಲೇಖನ ಕಳಿಸುವ ಮುಂಚೆಯೇ ಎದ್ದು ಕಾಣುವಂತೆ ಬರೆದಿರಬೇಕು. ಸ್ವೀಕೃತಿ ಪತ್ರದ ಜೊತೆಗೇ ಮೊದಲ ಬಾರಿ ಬಿಲ್ಲು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಸಂಪಾದಕ ಮಂಡಳಿಯ ಪುಟವನ್ನೂ ಓದಿ. ಯಾರ ಮಾಲೀಕತ್ವ, ಸಂಪಾದಕರಿಗೆ ಸ್ವಾತಂತ್ರ್ಯ ಇದೆಯೇ, ಸಂಪಾದಕರೇ ಬರೆದ ಲೇಖನವನ್ನು ಯಾರು ನೋಡುತ್ತಾರೆ? ಕಾಲೇಜೇ ಹೊರತರುವ ಜರ್ನಲ್‌ನಲ್ಲಿ ಸಂಪಾದಕರು ಮತ್ತು ವಿಭಾಗದ ಮುಖ್ಯಸ್ಥರು ಒಬ್ಬರೇ ಆಗಿರುವುದುಂಟು. ಅವರ ಲೇಖನವನ್ನು ಹೊರಗಿನ ಇನ್ನೊಬ್ಬರು ನಿಭಾಯಿಸುತ್ತಾರೆ ಎಂಬ ಒಂದು ಸಾಲು ನಿಯಮದಲ್ಲಿ ಇದ್ದರೆ ನಂಬಬಹುದು. ದೊಡ್ಡ ಪತ್ರಿಕೆಗಳಲ್ಲೂ ಮಾಲೀಕರ ಕೈ ಉದ್ದವಾಗಿದ್ದುಂಟು. 1999ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನದೇ ಪತ್ರಿಕೆ ‘ಜಾಮಾ’ದ ಸಂಪಾದಕ ಜಾರ್ಜ್ ಲುಂಡ್‌ಬರ್ಗ್‌ರನ್ನು ಮನೆಗೆ ಕಳಿಸಿತು, ರಾಜಕೀಯಕ್ಕೆ ತಾಗುವ ಹೊತ್ತಿನಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು ಎಂಬುದು ನೆಪ.

ಹೆಸರು ತೆಗೆದರೆ ಸಾಲದು

ಈಗ ನಮ್ಮ ಆಲೆಮನೆಯ ಕೆಲಸಗಾರನ ಬಳಿಗೆ ಬರೋಣ. ಲೇಖನದ ಮೊದಲ ಸಾಲನ್ನು ಪಿಜಿ ಹೀಗೆ ಬರೆಯುತ್ತಾನೆ: ಮಳವಳ್ಳಿ ತಾಲ್ಲೂಕಿನ ಇಂಥ ಗ್ರಾಮದ, 52 ವರ್ಷದ, ಆಲೆಮನೆಯಲ್ಲಿ ಒಲೆ ಉರಿಸುವ ಪುರುಷ, ಇಂಥ ತಾರೀಕು ದಾಖಲಾದರು. ಹೆಸರಿಲ್ಲ. ಆದರೆ ಆ ಊರಿನ ಚಹಾದಂಗಡಿಯಲ್ಲಿ ಈ ಸಾಲು ಓದಿದರೆ ಒಂದು ನಿಮಿಷದಲ್ಲಿ ಯಾರೆಂದು ಹೇಳುತ್ತಾರೆ, ಅವನ ಬೀಗರ ಹೆಸರನ್ನೂ ಸೇರಿಸಿ. ಆ ಆಲೆಮನೆ ಯಾರದೆಂಬುದೂ ಬಯಲಾಗುತ್ತದೆ. ನಾಳೆ ಅವನ ಕೆಲಸ ಹೋದರೆ ಜರ್ನಲ್ ಸಂಪಾದಕರು ಕೂಲಿ ಕೊಡುವುದಿಲ್ಲ.

ಐಸಿಎಂಜೆಇ ನಿಯಮ ಈ ವಿಷಯದಲ್ಲಿ ಕಟ್ಟುನಿಟ್ಟು. ಹೆಸರು, ಹೆಸರಿನ ಮೊದಲಕ್ಷರ, ಆಸ್ಪತ್ರೆ ಸಂಖ್ಯೆ ಬರಕೂಡದು. ವಿಜ್ಞಾನಕ್ಕೆ ಬೇಕಿಲ್ಲದ ಯಾವ ಗುರುತೂ ಬೇಡ. ಗುರುತು ಸಿಗಬಹುದು ಎಂಬ ಸಂದೇಹವಿದ್ದರೂ ಬರಹದ ಒಪ್ಪಿಗೆ ಬೇಕು. ರೋಗಿಗೆ ಅಚ್ಚಾಗಲಿರುವ ಬರಹವನ್ನು ತೋರಿಸಬೇಕು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದರೆ ಫೋಟೊ ಗುರುತು ಮರೆಯಾಯಿತು ಎಂಬ ಹಳೆಯ ನಂಬಿಕೆಯನ್ನೂ ಅದು ತಳ್ಳಿಹಾಕಿದೆ. ಮಂಡ್ಯದ ಮಟ್ಟಿಗೆ ಇದರ ಅರ್ಥ: ಗ್ರಾಮದ ಹೆಸರು ತೆಗೆಯಿರಿ, ತಾಲ್ಲೂಕೂ ಬೇಡ, ‘ದಕ್ಷಿಣ ಕರ್ನಾಟಕ’ ಸಾಕು. ವಯಸ್ಸು ‘ಐವತ್ತರ ಆಸುಪಾಸು’ ಆಗಲಿ. ದಾಖಲಾದ ತಾರೀಕಿನ ಬದಲು ‘ಮೊದಲ ದಿನ, ಹತ್ತನೇ ದಿನ’ ಎಂದು ಎಣಿಸಿ. ಸ್ಕ್ಯಾನ್ ಫಿಲ್ಮಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕೂತಿರುವ ಹೆಸರು, ಐಪಿ ನಂಬರ್ ಕತ್ತರಿಸಿ, ಮರೆಯುವುದು ಅದನ್ನೇ.

ಆಲೆಮನೆ ಕೆಲಸ ಎಂಬುದನ್ನು ಮಾತ್ರ ತೆಗೆಯಲಾಗದು, ಕಾಯಿಲೆಯ ಮೂಲವೇ ಅದು. ಅದನ್ನು ಮರೆಸಲು ‘ಹಿಟ್ಟಿನ ಗಿರಣಿ’ ಎಂದು ಬದಲಿಸುವುದಂತೂ ಕೂಡದು. ವಿವರವನ್ನು ಬಿಡಬಹುದು, ಸುಳ್ಳು ವಿವರ ಬರೆಯಬಾರದು. ಇಂಥ ಉಳಿದ ಗುರುತಿಗಾಗಿಯೇ ಒಪ್ಪಿಗೆ ಬೇಕಿರುವುದು.

ಆಪರೇಷನ್‌ಗೆ, ದಾಖಲಾತಿಗೆ ಹಾಕಿಸಿಕೊಂಡ ಸಹಿ ಪ್ರಕಟಣೆಗೆ ನಡೆಯುವುದಿಲ್ಲ. ಪ್ರಕಟಣೆಗೆ ಬೇರೆಯೇ ಪತ್ರ, ರೋಗಿಗೆ ತಿಳಿಯುವ ಭಾಷೆಯಲ್ಲಿ. ಈಗ ಜಿಲ್ಲೆಯ ಅನೇಕ ಆಲೆಮನೆಗಳಲ್ಲಿ ಉತ್ತರ ಪ್ರದೇಶದಿಂದ ಬಂದವರು ದುಡಿಯುತ್ತಾರೆ. ಅವರಿಗೆ ಕನ್ನಡ ಪತ್ರದಿಂದ ಉಪಯೋಗವಿಲ್ಲ, ಹಿಂದಿಯದು ಬೇಕು. ಓದಲು ಬಾರದವರಾದರೆ ಓದಿ ಹೇಳಿ, ಆಸ್ಪತ್ರೆಗೆ ಸಂಬಂಧಪಡದ, ಓದುಬಲ್ಲ ಒಬ್ಬ ಸಾಕ್ಷಿಯ ಮುಂದೆ ಹೆಬ್ಬೆಟ್ಟು. ಪತ್ರಕ್ಕಿಂತ ಮುಖ್ಯ ಮಾತು. ಈ ಧಾಟಿಯಲ್ಲಿ ಹೇಳಿದರೆ ಸಾಕು:

“ಯಜಮಾನ್ರೇ, ನಿಮ್ಮ ಕಾಯಿಲೆ ವಿಚಾರ ಬೇರೆ ಡಾಕ್ಟ್ರುಗಳಿಗೂ ಗೊತ್ತಾಗ್ಲಿ ಅಂತ ಬರೀಬೇಕು ಅಂದ್ಕಂಡಿದೀವಿ. ಹೆಸರು ಹಾಕಲ್ಲ, ಊರು ಹಾಕಲ್ಲ. ಆದ್ರೂ ನಿಮ್ಮ ಕಡೆಯೋರು ಓದಿದ್ರೆ ಇದು ನೀವೇ ಅಂತ ಗೊತ್ತಾಗ್ಬೋದು. ಒಂದ್ಸಲ ಇಂಟರ್ನೆಟ್‌ಗೆ ಹೋದ್ಮೇಲೆ ಪೂರ್ತಿ ವಾಪಸ್ ತರಕ್ಕಾಗಲ್ಲ. ಬೇಡ ಅಂದ್ರೆ ಬೇಡ, ಔಷಧಿ ಕೊಡೋದ್ರಲ್ಲಿ ಏನೂ ವ್ಯತ್ಯಾಸ ಮಾಡಲ್ಲ.”

“ಅದ್ರಿಂದ ನಂಗೇನ್ ಬತ್ತದೆ ಸಾ?” ಎಂದು ಕೇಳಿಯೇ ಕೇಳುತ್ತಾರೆ.

“ನಿಮಗೇನೂ ಬರಲ್ಲ. ಇನ್ನೊಂದು ಆಲೆಮನೇಲಿ ಇದೇ ಕಾಯಿಲೆ ಬಂದೋರಿಗೆ ಟಿಬಿ ಮಾತ್ರೆ ಕೊಡೋದು ತಪ್ಪಬೋದು.”

ಇಷ್ಟು ನೇರವಾಗಿ ಹೇಳಿದರೆ ಜನ ಒಪ್ಪುವುದಿಲ್ಲ ಎಂದು ಕೆಲವು ಹಿರಿಯರು ಭಾವಿಸುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ರೋಗಿ ಒಪ್ಪದಿದ್ದರೆ ಲೇಖನ ಬಿಡಬೇಕು, ಅಷ್ಟೆ. ಒಪ್ಪಿದವರು ಅಚ್ಚಾಗುವ ಮೊದಲು ಮನಸ್ಸು ಬದಲಿಸಿದರೂ ಬಿಡಬೇಕು.

ಕ್ರಿಮಿನಾಶಕ ಕುಡಿದವರ ಕೇಸುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಲಿ. ತೀರಿಕೊಂಡವರ ಪರವಾಗಿ ಹತ್ತಿರದ ಸಂಬಂಧಿಕರ ಒಪ್ಪಿಗೆಯನ್ನು ಜರ್ನಲ್‌ಗಳು ಕೇಳುತ್ತವೆ. ಸಾಲ, ಮನೆಜಗಳ, ಬೆಳೆನಷ್ಟದ ವಿವರಗಳು ವಿಷದ ಚಿಕಿತ್ಸೆಗೆ ಸಂಬಂಧಿಸಿದ್ದಲ್ಲ. ಕತೆಗೆ ರಸ ಬರಲಿ ಎಂದು ಸೇರಿಸಬೇಡಿ.

ಒಪ್ಪಿಗೆ ಪತ್ರದ ಮೂಲಪ್ರತಿಯನ್ನು ಆಸ್ಪತ್ರೆಯಲ್ಲೇ ಭದ್ರವಾಗಿಡಿ. ಹಲವು ಜರ್ನಲ್‌ಗಳಿಗೆ ‘ಒಪ್ಪಿಗೆ ಪಡೆದಿದ್ದೇವೆ’ ಎಂಬ ಹೇಳಿಕೆ ಸಾಕು. ಕೆಲವು ತಮ್ಮದೇ ನಮೂನೆ ಕೊಡುತ್ತವೆ. ನಮೂನೆ ಇದೆಯೇ ಎಂದು ರೋಗಿ ಡಿಸ್ಚಾರ್ಜ್ ಆಗುವ ಮುಂಚೆ ನೋಡಿಕೊಂಡರೆ ಆಮೇಲೆ ಬೈಕ್ ಹತ್ತಿ ಊರೂರು ಹುಡುಕುವುದು ತಪ್ಪುತ್ತದೆ.

ಸಮಿತಿಯ ಅನುಮತಿ, ಟ್ರಯಲ್ ನೋಂದಣಿ

ಒಂದೇ ರೋಗಿಯ ಕೇಸ್ ರಿಪೋರ್ಟ್‌ಗೆ ಎಥಿಕ್ಸ್ ಕಮಿಟಿ ಅನುಮತಿ ಬೇಕೇ ಎಂಬುದು ಜರ್ನಲ್‌ನಿಂದ ಜರ್ನಲ್‌ಗೆ, ಕಾಲೇಜಿನಿಂದ ಕಾಲೇಜಿಗೆ ಬೇರೆ. ಹತ್ತಾರು ರೋಗಿಗಳ ದಾಖಲೆ ತೆಗೆದು ಬರೆಯುವುದಾದರೆ ಅನುಮತಿ ಮೊದಲೇ ಬೇಕು, ಆಮೇಲೆ ಕೊಟ್ಟ ಹಿಂದಿನ ತಾರೀಕಿನ ಪತ್ರ ಸಂಪಾದಕರ ಕಣ್ಣಿಗೆ ಬೀಳುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಮಿತಿ ಇಲ್ಲವೆಂದು ಕೈಚೆಲ್ಲಬೇಕಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಬೇರೆ ಸಂಸ್ಥೆಯ ಸಮಿತಿಯೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಹೊಸ ಔಷಧದ ಟ್ರಯಲ್ ಆದರೆ 2019ರ ನಿಯಮ ಅದೇ ನಗರದ ಅಥವಾ 50 ಕಿಲೋಮೀಟರ್ ಒಳಗಿನ ಸಮಿತಿಗೆ ಅವಕಾಶ ಕೊಡುತ್ತದೆ. ಮದ್ದೂರು, ಮಳವಳ್ಳಿ ಎರಡೂ ಮಂಡ್ಯದಿಂದ ಆ ಅಳತೆಯೊಳಗೇ ಇವೆ.

ಎರಡು ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಟ್ರಯಲ್ ಮಾಡುವವರು ಮರೆಯಬಾರದ ಒಂದು ಮಾತು: ಮೊದಲ ರೋಗಿ ಸೇರುವ ಮುಂಚೆ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ, ಸಿಟಿಆರ್‌ಐನಲ್ಲಿ, ದಾಖಲಾಗಿರಬೇಕು. ನೋಂದಣಿಗೆ ಹಣವಿಲ್ಲ. 2007ರಲ್ಲಿ ಶುರುವಾದ ಈ ವ್ಯವಸ್ಥೆ 2018ರ ಏಪ್ರಿಲ್ 1ರಿಂದ ಶುರುವಾಗಿಬಿಟ್ಟ ಟ್ರಯಲ್‌ಗಳನ್ನು ಸ್ವೀಕರಿಸುತ್ತಿಲ್ಲ. ಎರಡು ವರ್ಷ ಬೆವರು ಸುರಿಸಿದ ಥೀಸಿಸ್ ಈ ಒಂದು ಕಾರಣಕ್ಕೆ ಒಳ್ಳೆಯ ಜರ್ನಲ್‌ಗಳ ಬಾಗಿಲಲ್ಲೇ ನಿಲ್ಲುತ್ತದೆ. ಯಾವ ಪ್ರಶಂಸಾ ಪತ್ರವೂ ಅದನ್ನು ಒಳಗೆ ಬಿಡಿಸದು.

ಯಾರ ಹೆಸರು ಎಲ್ಲಿ

ಐಸಿಎಂಜೆಇ ಪ್ರಕಾರ ಲೇಖಕರೆನಿಸಿಕೊಳ್ಳಲು ನಾಲ್ಕೂ ಬೇಕು: ಕೆಲಸದ ಯೋಚನೆಯಲ್ಲೋ ಮಾಹಿತಿ ಸಂಗ್ರಹ, ವಿಶ್ಲೇಷಣೆಯಲ್ಲೋ ಗಟ್ಟಿ ಪಾಲು, ಬರೆಯುವುದರಲ್ಲಿ ಇಲ್ಲವೇ ವಿಚಾರದ ಮಟ್ಟದಲ್ಲಿ ತಿದ್ದುವುದರಲ್ಲಿ ಪಾಲು, ಅಚ್ಚಿಗೆ ಹೋಗುವ ಕೊನೆಯ ಪ್ರತಿಗೆ ಒಪ್ಪಿಗೆ, ನಾಳೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ. ನಾಲ್ಕರಲ್ಲಿ ಮೂರಿದ್ದರೂ ಲೇಖಕರಲ್ಲ, ಕೃತಜ್ಞತೆಯ ಸಾಲಿಗೆ ಸೇರುತ್ತಾರೆ.

ಕಾಗದದ ಮೇಲೆ ಇದು ಸೊಗಸು. ವಾಸ್ತವದಲ್ಲಿ ವಿಭಾಗದ ಮುಖ್ಯಸ್ಥರ ಹೆಸರು ತಾನಾಗಿ ಬಂದು ಕೂರುತ್ತದೆ. ಕಫದ ಸ್ಲೈಡ್ ನೋಡಿದ ಟೆಕ್ನಿಷಿಯನ್, ಮನೆ ಮನೆಗೆ ಹೋಗಿ ಮಾಹಿತಿ ತಂದ ಆಶಾ ಕಾರ್ಯಕರ್ತೆ ಎಲ್ಲೂ ಇರುವುದಿಲ್ಲ. ಮಿಷನ್ ಆಸ್ಪತ್ರೆಯ ತಕ್ಕಡಿ ಓದಿದವರನ್ನು ನೆನೆಯಿರಿ. ಅವರಿಗೆ ಲೇಖಕಪಟ್ಟ ಸಲ್ಲದಿರಬಹುದು, ಆದರೆ ಅಂಥವರ ಹೆಸರನ್ನು ಒಪ್ಪಿಗೆ ಪಡೆದು ಕೃತಜ್ಞತೆಯಲ್ಲಿ ಹಾಕಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಜೊತೆಗೆ ಬರೆಯಲು, ತಿದ್ದಲು ಅವಕಾಶ ಕೊಟ್ಟರೆ ದಾದಿಯೂ ಲೇಖಕಿಯಾಗಬಹುದು. ಅವಕಾಶ ಕೊಡದೆ ‘ಅವರು ಬರೆದಿಲ್ಲವಲ್ಲ’ ಎಂದು ಹೊರಗಿಡುವುದು ಜಾಣತನ.

ಪಿಜಿಗಳಿಗೆ ನನ್ನ ಸಲಹೆ: “ಸರ್, ಈ ಕೇಸಿಗೆ ಯಾರ್ಯಾರು ಏನೇನು ಮಾಡ್ತೀವಿ ಅಂತ ಒಂದು ಹಾಳೆ ಮಾಡ್ಕೊಳ್ಳೋಣ್ವಾ?” ಎಂದು ಮೊದಲ ದಿನವೇ ಕೇಳಿಬಿಡಿ. ಕೊನೆಯ ದಿನ ಕೇಳಿದರೆ ಜಗಳ, ಮೊದಲ ದಿನ ಕೇಳಿದರೆ ಶಿಸ್ತು. ಲೇಖನ ಕಳಿಸಿದ ಮೇಲೆ ಹೆಸರು ಸೇರಿಸಲು, ತೆಗೆಯಲು ಎಲ್ಲ ಲೇಖಕರ ಸಹಿ ಮತ್ತು ಕಾರಣ ಕೇಳುತ್ತಾರೆ. ಲೇಖಕರ ನಡುವೆ ತಕರಾರಾದರೆ ಸಂಪಾದಕರು ಪಂಚಾಯ್ತಿ ಮಾಡುವುದಿಲ್ಲ, ಕಡತವನ್ನು ಸಂಸ್ಥೆಗೇ ವಾಪಸು ಕಳಿಸುತ್ತಾರೆ.

ಎಐ ಬಗ್ಗೆ ಕೇಳುವವರಿಗೆ: 2023ರಿಂದ ನಿಯಮ ಸ್ಪಷ್ಟ. ಚಾಟ್‌ಬಾಟ್ ಲೇಖಕನಾಗದು, ಹೊಣೆ ಹೊರಲು ಅದಕ್ಕೆ ಬರುವುದಿಲ್ಲ. ಬಳಸಿದ್ದರೆ ಎಲ್ಲಿ, ಹೇಗೆ ಎಂದು ಹೇಳಿ. ಅದು ಕೊಟ್ಟ ಆಧಾರ ಗ್ರಂಥಗಳನ್ನು ಒಂದೊಂದಾಗಿ ತೆರೆದು ನೋಡಿ, ಇಲ್ಲದ ಲೇಖನವನ್ನೂ ಅದು ಇದೆಯೆಂದು ಹೇಳುತ್ತದೆ.

ಕಳಿಸಿದ ಮೇಲೆ

ಒಂದು ಲೇಖನ ಒಂದು ಸಲಕ್ಕೆ ಒಂದೇ ಜರ್ನಲ್‌ಗೆ. ಎರಡು ಕಡೆ ಕಳಿಸಿ ಯಾರು ಮೊದಲು ಒಪ್ಪುತ್ತಾರೋ ನೋಡೋಣ ಎಂಬ ಲೆಕ್ಕ ಸಿಕ್ಕಿಬಿದ್ದರೆ ಎರಡೂ ಬಾಗಿಲು ಮುಚ್ಚುತ್ತವೆ.

ಮೊದಲು ನೋಡುವವರು ಸಂಪಾದಕರು. ಬಹಳ ಲೇಖನಗಳು ಪರಿಶೀಲಕರ ಕೈ ಸೇರದೆ ಅಲ್ಲಿಂದಲೇ ಹಿಂದಿರುಗುತ್ತವೆ. ಜರ್ನಲ್‌ನ ವಿಷಯಕ್ಕೆ ಹೊಂದದ್ದು, ಪದಮಿತಿ ಮೀರಿದ್ದು, ನಕಲು ಪತ್ತೆ ತಂತ್ರಾಂಶದಲ್ಲಿ ಹೆಚ್ಚು ಹೋಲಿಕೆ ತೋರಿದ್ದು ಸಾಮಾನ್ಯ ಕಾರಣಗಳು. ಕೇಸ್ ರಿಪೋರ್ಟ್‌ಗೆ ‘ಕೇರ್’, ಟ್ರಯಲ್‌ಗೆ ‘ಕನ್ಸಾರ್ಟ್’, ವೀಕ್ಷಣಾ ಅಧ್ಯಯನಕ್ಕೆ ‘ಸ್ಟ್ರೋಬ್’ ಎಂಬ ತಾಳೆಪಟ್ಟಿಗಳಿವೆ. ಬರೆದಾದ ಮೇಲೆ ತುಂಬುವ ಬದಲು ಬರೆಯುವ ಮುನ್ನ ಎದುರಿಗಿಟ್ಟುಕೊಳ್ಳಿ.

ಆಮೇಲೆ ಪರಿಶೀಲಕರು. ಕೆಲವೆಡೆ ಅವರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ನಿಮಗೆ ಅವರದು ತಿಳಿಯದು. ಕೆಲವೆಡೆ ಇಬ್ಬರಿಗೂ ತಿಳಿಯದು. ‘ಬಿಎಂಜೆ’ಯಂಥವು 1999ರಿಂದ ಪರಿಶೀಲಕರ ಹೆಸರನ್ನು ಲೇಖಕರಿಗೆ ತಿಳಿಸುತ್ತ ಬಂದಿವೆ. ಇಬ್ಬರಿಗೂ ತಿಳಿಯದ ಪದ್ಧತಿಯಲ್ಲಿ ‘ಮಂಡ್ಯದ ಬೋಧನಾ ಆಸ್ಪತ್ರೆಯಲ್ಲಿ’ ಎಂದು ಬರೆದಿರೋ, ಮುಗಿಯಿತು. ನಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜುಗಳನ್ನು ಎಣಿಸಲು ಒಂದು ಕೈಯ ಬೆರಳೂ ಪೂರ್ತಿ ಬೇಡ, ಮೈಸೂರು ಬೆಂಗಳೂರಿನ ಪರಿಶೀಲಕರಿಗೆ ಆ ವಿಭಾಗದವರೆಲ್ಲ ಪರಿಚಿತರು. ಪರಿಶೀಲನೆಗೆ ಹೋಗುವ ಪ್ರತಿಯಲ್ಲಿ ಊರು, ಸಮಿತಿಯ ಹೆಸರು, ‘ನಮ್ಮ ಹಿಂದಿನ ಅಧ್ಯಯನದಲ್ಲಿ’ ಎಂಬ ಮಾತು, ಕಡತದ ಒಳಗೆ ಕೂತ ಕಂಪ್ಯೂಟರ್ ಮಾಲೀಕರ ಹೆಸರು ಇವನ್ನೆಲ್ಲ ತೆಗೆದು ಕಳಿಸಿ. ಪ್ರತಿಸ್ಪರ್ಧಿ ವಿಭಾಗದವರು ಪರಿಶೀಲಕರಾಗುವುದು ಬೇಡವೆನಿಸಿದರೆ ಕವರಿಂಗ್ ಲೆಟರ್‌ನಲ್ಲಿ ಕಾರಣದೊಂದಿಗೆ ತಿಳಿಸಲು ಹಲವು ಜರ್ನಲ್‌ಗಳು ಅವಕಾಶ ಕೊಡುತ್ತವೆ. ನೀವೇ ಪರಿಶೀಲಕರಾದಾಗ ಬಂದ ಲೇಖನ ನಿಮ್ಮ ಸ್ನೇಹಿತರದೆಂದು ವಾಸನೆ ಬಡಿದರೆ ಸಂಪಾದಕರಿಗೆ ಹೇಳಿ ಹಿಂದೆ ಸರಿಯಿರಿ. ಆ ಪ್ರತಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವುದು, ಎಐಗೆ ಕೊಟ್ಟು ಸಾರಾಂಶ ತೆಗೆಸುವುದು ಎರಡೂ ವಿಶ್ವಾಸದ್ರೋಹ.

ಪರಿಶೀಲಕರ ಪ್ರಶ್ನೆಗೆ ಬೇಸರ ಪಡಬೇಡಿ. ನಮ್ಮ ಕೇಸಿಗೆ ಹೀಗೆ ಕೇಳಬಹುದು: ಸಿಪ್ಪೆ ಎಷ್ಟು ದಿನದಿಂದ ರಾಶಿ ಬಿದ್ದಿತ್ತು, ಬೂಷ್ಟು ಹಿಡಿದಿತ್ತೇ? ಕೆಲಸ ಬಿಟ್ಟಾಗ ಉಸಿರು ಸುಧಾರಿಸಿತೇ, ಮತ್ತೆ ಹೋದಾಗ ಕೆಟ್ಟಿತೇ? ಟಿಬಿ ಅಲ್ಲವೆಂದು ಯಾವ ಪರೀಕ್ಷೆಯಿಂದ ತೀರ್ಮಾನಿಸಿದಿರಿ? ಮನೆಯಲ್ಲಿ ಪಾರಿವಾಳ ಸಾಕಿದ್ದರೇ? ಕೊನೆಯದು ತಮಾಷೆಯಲ್ಲ. ಹಕ್ಕಿಯ ಹಿಕ್ಕೆಯ ಧೂಳೂ ಇದೇ ಬಗೆಯ ಶ್ವಾಸಕೋಶದ ಉರಿಯೂತ ತರುತ್ತದೆ. ಒಂದೊಂದು ಪ್ರಶ್ನೆಯನ್ನೂ ಬರೆದು, ಕೆಳಗೆ ಉತ್ತರ, ಯಾವ ಪುಟದಲ್ಲಿ ಏನು ತಿದ್ದಿದಿರಿ ಎಂಬುದನ್ನು ನಮೂದಿಸಿ. ಒಪ್ಪಿಗೆಯಾಗದ ಸಲಹೆಗೆ ಕಾರಣ ಕೊಟ್ಟು ಒಪ್ಪದಿರಬಹುದು. ‘ಮೇಜರ್ ರಿವಿಷನ್’ ಎಂದು ಬಂದರೆ ಅದು ಶುಭ ಸುದ್ದಿ. ಒಂದಕ್ಷರವೂ ತಿದ್ದದೆ ಒಪ್ಪುವುದು ಬಲು ಅಪರೂಪ, ಹಾಗೆ ಒಪ್ಪಿದ ಜರ್ನಲ್ಲಿನ ಬಗ್ಗೆ ಇನ್ನೊಮ್ಮೆ ವಿಚಾರಿಸಿ.

ತಪ್ಪು ಅಚ್ಚಾದರೆ

ಪೀರ್ ರಿವ್ಯೂ ಆಗಿದೆ ಎಂದ ಮಾತ್ರಕ್ಕೆ ವೇದವಾಕ್ಯವಲ್ಲ. 1998ರಲ್ಲಿ ‘ಜಾಮಾ’ದಲ್ಲಿ ಬಂದ ಪ್ರಯೋಗವೊಂದರಲ್ಲಿ ಬೇಕೆಂದೇ 8 ದೋಷ ತುರುಕಿದ ಲೇಖನವನ್ನು ‘ಬಿಎಂಜೆ’ಯ ಪರಿಶೀಲಕರಿಗೆ ಕಳಿಸಿದ್ದರು. ಸರಾಸರಿ ಹಿಡಿದದ್ದು 2. ಮೂಲ ಮಾಹಿತಿಯೇ ಸುಳ್ಳಾದರೆ ಅವರು ಇನ್ನೂ ನಿಸ್ಸಹಾಯಕರು, ಅವರ ಎದುರಿಗಿರುವುದು ಲೇಖನ ಮಾತ್ರ. ಕೊರೊನಾ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗೆ ಮೆಡಿಕಲ್ ಶಾಪ್‌ಗಳ ಮುಂದೆ ಬಿದ್ದ ಬೇಡಿಕೆ ನೆನಪಿರಬೇಕು. 2020ರ ಮೇ 22ರಂದು ‘ಲ್ಯಾನ್ಸೆಟ್’ 96,032 ರೋಗಿಗಳ ಲೆಕ್ಕ ಕೊಟ್ಟು ಆ ಮಾತ್ರೆ ಅಪಾಯಕಾರಿ ಎಂಬ ಲೇಖನ ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಟ್ರಯಲ್‌ನಲ್ಲಿ ಆ ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮಾಹಿತಿ ಒದಗಿಸಿದ ಸರ್ಜಿಸ್ಫಿಯರ್ ಕಂಪನಿ ಮೂಲ ದಾಖಲೆ ತೋರಿಸಲೊಪ್ಪದೆ ಜೂನ್ 4ರಂದು ಲೇಖನ ಹಿಂತೆಗೆಯಬೇಕಾಯಿತು. ಆ ಮಾತ್ರೆ ಕೊರೊನಾಕ್ಕೆ ಉಪಯೋಗವಿಲ್ಲ ಎಂಬುದು ಬೇರೆ ನೇರ ಟ್ರಯಲ್‌ಗಳಿಂದ ತೀರ್ಮಾನವಾಯಿತು. ಸುಳ್ಳು ಸಾಕ್ಷಿಯಿಂದ ಬಂದ ಸರಿ ತೀರ್ಪೂ ವಿಜ್ಞಾನದಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಮೂಲ ಕೇಸ್‌ಶೀಟ್, ಎಕ್ಸೆಲ್ ಹಾಳೆ, ಲ್ಯಾಬ್ ವರದಿಗಳನ್ನು ಪ್ರಕಟವಾದ ಮೇಲೂ ಇಟ್ಟುಕೊಳ್ಳಿ. ಪಿಜಿ ಮುಗಿಸಿ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಒಯ್ದುಬಿಟ್ಟರೆ ಸಾಲದು, ವಿಭಾಗದಲ್ಲೂ ಒಂದು ಪ್ರತಿ ಇರಲಿ, ರೋಗಿಯ ಹೆಸರು ತೆಗೆದು.

ಓದುಗರಾಗಿ ವಾಟ್ಸಾಪ್‌ನಲ್ಲಿ ಬಂದ ‘ಅಧ್ಯಯನ’ವನ್ನು ತೂಗುವುದಾದರೆ, ಅದು ಹಿಂತೆಗೆದದ್ದೇ ಎಂದು ಮೊದಲು ನೋಡಿ. ಪಬ್‌ಮೆಡ್‌ನಲ್ಲಿ ಅಂಥ ಲೇಖನದ ಮೇಲೆ ಎಚ್ಚರಿಕೆ ಕಾಣುತ್ತದೆ. ‘ರಿಟ್ರ್ಯಾಕ್ಷನ್ ವಾಚ್’ ಕಲೆಹಾಕಿದ ಪಟ್ಟಿ 2023ರಿಂದ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಪುಕ್ಕಟೆ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ, 12 ಮಕ್ಕಳ 1998ರ ‘ಲ್ಯಾನ್ಸೆಟ್’ ಲೇಖನ 2010ರಲ್ಲೇ ಹಿಂತೆಗೆಯಲ್ಪಟ್ಟಿದೆ. ಲಸಿಕೆ ಹಾಕಿಸಲು ಹೆದರುವ ಮನೆಗಳಲ್ಲಿ ಅದರ ನೆರಳು ಇವತ್ತಿಗೂ ಇದೆ.

ನಿಮ್ಮದೇ ಲೇಖನದಲ್ಲಿ 5 ಮಿಲಿಗ್ರಾಂ 50 ಆಗಿ ಅಚ್ಚಾಗಿದ್ದರೆ ಅದೇ ದಿನ ಸಂಪಾದಕರಿಗೆ ಬರೆಯಿರಿ, ತಿದ್ದುಪಡಿ ಪ್ರಕಟಿಸುತ್ತಾರೆ. ಬೇರೆಯವರ ಲೇಖನದಲ್ಲಿ ಅನುಮಾನ ಬಂದರೆ, ಅಥವಾ ಒಪ್ಪಿಗೆಯಿಲ್ಲದೆ ನಿಮ್ಮ ಮನೆಯವರ ಫೋಟೊ ಬಂದಿದ್ದರೆ, ಮೊದಲ ಪತ್ರ ಸಂಪಾದಕರಿಗೆ: ಯಾವ ಲೇಖನ, ಯಾವ ಪುಟ, ಯಾವ ಚಿತ್ರ, ಏನು ತಪ್ಪು. ಫೋಟೊದ ವಿಷಯವಾದರೆ ಆಸ್ಪತ್ರೆಯ ಎಥಿಕ್ಸ್ ಕಮಿಟಿಗೂ ಒಂದು ಪ್ರತಿ. ಉತ್ತರ ಬಾರದಿದ್ದರೆ ಪ್ರಕಾಶಕರಿಗೆ. ಅಲ್ಲೂ ಆಗದಿದ್ದರೆ, ಜರ್ನಲ್ ಸದಸ್ಯನಾಗಿದ್ದ ಪಕ್ಷದಲ್ಲಿ, ಕೋಪ್‌ಗೆ ಬರೆಯಬಹುದು. ಲೇಖನ ಸರಿಯೋ ತಪ್ಪೋ ಎಂದು ಕೋಪ್ ತೀರ್ಪು ಕೊಡುವುದಿಲ್ಲ. ದೂರನ್ನು ಜರ್ನಲ್ ತನ್ನದೇ ನಿಯಮದಂತೆ ನಡೆಸಿತೇ ಎಂಬುದನ್ನು ಮಾತ್ರ ನೋಡುತ್ತದೆ. ಅದಕ್ಕಾಗಿ ಸಂಪಾದಕರೊಂದಿಗೆ ಆದ ಪತ್ರವ್ಯವಹಾರದ ಪ್ರತಿಗಳನ್ನೆಲ್ಲ ತಾರೀಕಿನೊಂದಿಗೆ ಇಟ್ಟುಕೊಂಡಿರಿ.